ಮಳೆಯ ದಿನಗಳೂ ಶೆಲ್‌ನ ಚೌಕಾವರಣವೂ

ಭಾರತ ಹವಾಮಾನ ಇಲಾಖೆಯ ವ್ಯಾಖ್ಯೆಯಂತೆ 24 ಗಂಟೆಗಳಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಅದು ‘ಮಳೆಯ ದಿನ’. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಂಥ ಕಡೆ ಅಳೆದ ದೈನಿಕ ಮಳೆಯ ಕಡತವೊಂದನ್ನು ಕೊಟ್ಟು, ವರ್ಷದ ಮಳೆಯ ದಿನಗಳನ್ನು ಶೆಲ್ ಸ್ಕ್ರಿಪ್ಟ್ ಬರೆದು ಎಣಿಸಿರೆಂದರೆ ವಿದ್ಯಾರ್ಥಿಗಳು ಐದು ನಿಮಿಷದ ಕೆಲಸವೆಂದುಕೊಳ್ಳುತ್ತಾರೆ.

ಗಣಿತದ ಅಭ್ಯಾಸದಂತೆ [ 0.0 > 2.5 ] ಎಂದು ಬರೆದೆವೆನ್ನಿ. ಉತ್ತರ ‘ನಿಜ’! ಇಲ್ಲಿ > ಎಂಬುದು ಹೋಲಿಕೆಯಲ್ಲ, ಔಟ್‌ಪುಟ್ಟನ್ನು ಕಡತಕ್ಕೆ ಕಳುಹಿಸುವ ಸೂಚನೆ. ‘2.5’ ಎಂಬ ಹೆಸರಿನ ಖಾಲಿ ಕಡತ ಹುಟ್ಟುತ್ತದೆ. ಆವರಣದಲ್ಲಿ ಉಳಿದದ್ದು 0.0 ಎಂಬ ಒಂದೇ ಪದ. ಪದ ಖಾಲಿಯಲ್ಲ, ಆದ್ದರಿಂದ ನಿಜ. 365 ದಿನವೂ ಮಳೆ.

ತಿಳಿದವರು -ಜಿಇ (ಸಮ ಅಥವಾ ಹೆಚ್ಚು) ಬಳಸುತ್ತಾರೆ. ಬ್ಯಾಷ್ ಶೆಲ್‌ನಲ್ಲಿ ಅದಕ್ಕೆ ಪೂರ್ಣಾಂಕವೇ ಬೇಕು. ದಶಾಂಶ ಕಂಡರೆ ದೂರು ಮುದ್ರಿಸಿ 2 ಎಂಬ ಸ್ಥಿತಿಸಂಖ್ಯೆ ಹಿಂದಿರುಗಿಸುತ್ತದೆ. ಶೆಲ್‌ಗೆ 0 ಮಾತ್ರ ನಿಜ. ‘ಸುಳ್ಳು’ ಮತ್ತು ‘ಹೋಲಿಸಲಾಗಲಿಲ್ಲ’ ಎರಡನ್ನೂ ‘ಇಫ್’ ಒಂದೇ ದಾರಿಗೆ ತಳ್ಳುವುದರಿಂದ ಈಗ ವರ್ಷವಿಡೀ ಒಣಹವೆ.

ಕಾರ್ನ್ ಶೆಲ್‌ನಿಂದ ಬ್ಯಾಷ್‌ಗೆ ಬಂದ ಜೋಡಿ ಚೌಕಾವರಣ [[ ]] ಇನ್ನೂ ಅಪಾಯಕಾರಿ. ಅಲ್ಲಿ > ನಿಘಂಟಿನ ಕ್ರಮದಲ್ಲಿ ಹೋಲಿಸುತ್ತದೆ. 3.2 ಮಳೆಯ ದಿನವಾಗುತ್ತದೆ, 12.4 ಆಗುವುದಿಲ್ಲ! ಮೊದಲೆರಡು ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಇದು ನಂಬಬಹುದಾದ ಸಂಖ್ಯೆಯನ್ನೇ ಕೊಡುತ್ತದೆ, ದೂರಿಲ್ಲದೆ.

ಅಳತೆಯೇ ದಾಖಲಾಗದ ದಿನದ ಗತಿ? ಖಾಲಿಯಲ್ಲವೇ ಎಂದು ಕೇಳುವ -ಎನ್ ಪರೀಕ್ಷೆಯಲ್ಲಿ ಚರಾಕ್ಷರಕ್ಕೆ ಜೋಡಿ ಉದ್ಧರಣ ಚಿಹ್ನೆ ಹಾಕದಿದ್ದರೆ, ಒಂಟಿ ಆವರಣ ಖಾಲಿಗೂ ‘ನಿಜ’ ಎನ್ನುತ್ತದೆ. ಅಳೆಯದ ದಿನ ಅಳೆದ ದಿನವಾಗುವುದು ಭೌತವಿಜ್ಞಾನದವರಿಗೆ ಸಣ್ಣ ವಿಷಯವಲ್ಲ.

ಶೆಲ್ಲನ್ನು ದೂರಿ ಪ್ರಯೋಜನವಿಲ್ಲ. 1979ರ ಏಳನೆಯ ಯೂನಿಕ್ಸ್ ಆವೃತ್ತಿಯ ಬೋರ್ನ್ ಶೆಲ್ ಕಡತಗಳನ್ನೂ ಪ್ರೋಗ್ರಾಮುಗಳನ್ನೂ ಜೋಡಿಸಲು ಹುಟ್ಟಿದ್ದು. ಕಡತವಿದೆಯೇ ಎಂದು ಕೇಳುವ -ಎಫ್ ಇಂದಿಗೂ ಸೊಗಸಾದ ಪರೀಕ್ಷೆ. ನನ್ನ ಆಕ್ಷೇಪವಿರುವುದು ನಾನು ಕಂಡ ಪ್ರಯೋಗಾಲಯ ಕೈಪಿಡಿಗಳ ಬಗ್ಗೆ. ಅವು ಈ ಚಿಹ್ನೆಗಳ ಕೋಷ್ಟಕ ಮುದ್ರಿಸಿ, 5 ಮತ್ತು 10ನ್ನು ಹೋಲಿಸಿ ಮುಗಿಸುತ್ತವೆ. ಅಳತೆಗಳು ಹಾಗೆ ಬರುವುದಿಲ್ಲ. (ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್‌ನ ಪರಂ ಪ್ರವೇಗದಂಥ ಯಂತ್ರಕ್ಕೂ ಕೆಲಸ ಒಪ್ಪಿಸುವುದು ಶೆಲ್ ಸ್ಕ್ರಿಪ್ಟ್ ಮೂಲಕವೇ.)

ದಶಾಂಶ ಬಲ್ಲ ‘ಆಕ್’ಗೆ ಹೋಲಿಕೆಯನ್ನು ಬಿಡುವುದು ಲೇಸು. ಇಲ್ಲವೇ ಮಳೆಯನ್ನು ಮಿಲಿಮೀಟರಿನ ಹತ್ತನೇ ಒಂದರಲ್ಲಿ ಬರೆದು 25ರೊಡನೆ ಹೋಲಿಸಬಹುದು. ಆದರೆ 0.8ರ ಬಿಂದು ತೆಗೆದರೆ 08 ಉಳಿಯುತ್ತದೆ: ಒಂಟಿ ಆವರಣ ಅದನ್ನು ಎಂಟೆಂದು ಓದುತ್ತದೆ, ಜೋಡಿ ಆವರಣ ಅಷ್ಟಮಾನ ಸಂಖ್ಯೆಯೆಂದು ಭಾವಿಸಿ 8 ಎಂಬ ಅಂಕಿಯೇ ಇಲ್ಲವೆನ್ನುತ್ತದೆ.