ಆಸ್ಪರಾಜಿನ್ ಮತ್ತು ಸ್ತನ ಕ್ಯಾನ್ಸರ್: ಒಂದು ಅಧ್ಯಯನದ ಪರಿಶೀಲನೆ

ಸ್ತನ ಕ್ಯಾನ್ಸರ್‌ನಲ್ಲಿ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ಸ್ತನದಲ್ಲಿರುವ ಗೆಡ್ಡೆಯಲ್ಲ; ಅಲ್ಲಿಂದ ಹೊರಟು ಶ್ವಾಸಕೋಶ, ಮೂಳೆ, ಯಕೃತ್ತು, ಮಿದುಳುಗಳಲ್ಲಿ ನೆಲೆಯೂರುವ ಕೋಶಗಳು. ಈ ಹರಡುವಿಕೆಗೆ ಆಸ್ಪರಾಜಿನ್ ಎಂಬ ಅಮೈನೋ ಆಮ್ಲದ ಲಭ್ಯತೆಯೂ ಕಾರಣವೆಂದು ಸೈಮನ್ ನಾಟ್, ಗ್ರೆಗರಿ ಹ್ಯಾನನ್ ಮತ್ತು ಸಂಗಡಿಗರು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು.

ಆಸ್ಪರಾಜಿನ್ ಸಿಂಥಟೇಸ್ ಕಿಣ್ವದ ನೆರವಿನಿಂದ ಕೋಶಗಳು ಆಸ್ಪರಾಜಿನನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಇಲಿಯ 4ಟಿ1 ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈ ಕಿಣ್ವದ ಜೀನನ್ನು ಅಡಗಿಸಿದಾಗ ಶ್ವಾಸಕೋಶಕ್ಕೆ ಹರಡುವುದು ತಗ್ಗಿತು. ಆಸ್ಪರಾಜಿನನ್ನು ಒಡೆಯುವ ಎಲ್-ಆಸ್ಪರಾಜಿನೇಸ್ ಔಷಧ ಕೊಟ್ಟಾಗಲೂ, ಆಹಾರದಲ್ಲಿ ಆಸ್ಪರಾಜಿನ್ ಕಡಿಮೆ ಮಾಡಿದಾಗಲೂ ಅದೇ ಫಲ. ಮೂಲ ಗೆಡ್ಡೆಯ ಬೆಳವಣಿಗೆ ಮಾತ್ರ ಹೆಚ್ಚು ಬದಲಾಗಲಿಲ್ಲ. ಮೂರು ಬೇರೆ ಬೇರೆ ದಾರಿಗಳು ಒಂದೇ ಉತ್ತರಕ್ಕೆ ತಲುಪಿದ್ದು ಈ ಅಧ್ಯಯನದ ನಿಜವಾದ ಬಲ.

ಕಾರಣ ವಿವರಿಸುವ ಭಾಗ ಅಷ್ಟು ಗಟ್ಟಿಯಾಗಿಲ್ಲ. ಅಂಟಿಕೊಂಡು ಬಾಳುವ ಹೊದಿಕೆ ಕೋಶಗಳು ಚಲಿಸುವ ಗುಣ ಪಡೆಯುವಾಗ ಹೆಚ್ಚುವ ಪ್ರೋಟೀನುಗಳಲ್ಲಿ ಆಸ್ಪರಾಜಿನ್ ಅಂಶ ಅಧಿಕ. ಆದ್ದರಿಂದ ಅದರ ಅಭಾವದಲ್ಲಿ ಆ ಪ್ರೋಟೀನುಗಳೇ ಮೊದಲು ಕುಗ್ಗುತ್ತವೆ ಎಂಬುದು ಲೇಖಕರ ತರ್ಕ. ಸೊಗಸಾದ ತರ್ಕ ಹೌದು, ಆದರೆ ಅಂಶಪ್ರಮಾಣದ ಹೊಂದಾಣಿಕೆಯೊಂದೇ ಕಾರಣವನ್ನು ಸಾಬೀತು ಮಾಡದು. ಹರಡಲು ಈ ಗುಣಪಲ್ಲಟ ಅನಿವಾರ್ಯವೇ ಎಂಬುದನ್ನೇ 2015ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಎರಡು ಇಲಿ ಅಧ್ಯಯನಗಳು ಪ್ರಶ್ನಿಸಿದ್ದವು.

ಕೊರತೆಗೆ ಕೋಶ ತೋರುವ ಪ್ರತಿಕ್ರಿಯೆಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೈನೋ ಆಮ್ಲ ಸಾಲದಾದಾಗ ಬರಿದಾಗಿ ಉಳಿಯುವ ಟಿಆರ್‌ಎನ್‌ಎಗಳನ್ನು ಜಿಸಿಎನ್2 ಎಂಬ ಕಿಣ್ವ ಗುರುತಿಸಿ, ಪ್ರೋಟೀನ್ ತಯಾರಿಕೆಯನ್ನು ಒಟ್ಟಾರೆ ನಿಧಾನಗೊಳಿಸುತ್ತದೆ. ಆದರೆ ಅದೇ ಹೊತ್ತಿಗೆ ಎಟಿಎಫ್4 ಪ್ರೋಟೀನಿನ ತಯಾರಿಕೆ ಹೆಚ್ಚುತ್ತದೆ. ಅದು ಚಾಲೂ ಮಾಡುವ ಜೀನ್‌ಗಳಲ್ಲಿ ಆಸ್ಪರಾಜಿನ್ ಸಿಂಥಟೇಸ್‌ನದೂ ಒಂದು. ಹೊರಗಿನ ಪೂರೈಕೆ ನಿಂತಷ್ಟೂ ಒಳಗಿನ ಉತ್ಪಾದನೆ ಏರಬಹುದು. ಹೀಗಾಗಿ ಈ ಜೀನ್ ಚುರುಕಾಗಿರುವ ಗೆಡ್ಡೆಗಳ ಮೇಲೆ ಔಷಧ ಅಥವಾ ಪಥ್ಯ ಮಾತ್ರ ಸಾಕಾಗದೆ ಹೋಗುವ ಸಾಧ್ಯತೆಯಿದೆ.

ಈ ಫಲಿತಾಂಶವನ್ನು ಊಟದ ಸಲಹೆಯಾಗಿ ಓದುವುದು ಅಪಾಯಕರ. ಆಸ್ಪರಾಜಿನ್ ಶತಾವರಿ ಜಾತಿಯ ತರಕಾರಿಯಲ್ಲಿ ಮಾತ್ರವಲ್ಲ, ಹಾಲು, ಮೊಟ್ಟೆ, ಮಾಂಸ, ಕಾಳು, ಆಲೂಗಡ್ಡೆಗಳಲ್ಲೂ ಇದೆ. ಚಿಕಿತ್ಸೆಯಿಂದ ಸೊರಗಿದ ರೋಗಿ ಇವೆಲ್ಲವನ್ನೂ ಬಿಟ್ಟರೆ ಮೈಗೆ ಪ್ರೋಟೀನೇ ಸಿಗದು. ಮಕ್ಕಳ ರಕ್ತ ಕ್ಯಾನ್ಸರ್‌ಗೆ ದಶಕಗಳಿಂದ ಬಳಕೆಯಲ್ಲಿರುವ ಆಸ್ಪರಾಜಿನೇಸ್ ಕೂಡ ನಿರಪಾಯಕಾರಿಯಲ್ಲ: ಅಲರ್ಜಿ, ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತ ಹೆಪ್ಪುಗಟ್ಟುವಿಕೆ ಅದರ ಗೊತ್ತಿರುವ ಅಡ್ಡಪರಿಣಾಮಗಳು, ಯಕೃತ್ತಿಗಾಗುವ ಹಾನಿ ವಯಸ್ಕರಲ್ಲಿ ಇನ್ನೂ ಹೆಚ್ಚು.