ಖೋಟ್ಲಾದ ಅಂಗಳದಲ್ಲಿ ಅರ್ಥಶಾಸ್ತ್ರ: ಬೋಟ್ಸ್ವಾನಾದ ಏಳಿಗೆಯ ವಿವರಣೆಗಳನ್ನು ಕುರಿತು

ಎರಡನೆಯ ಮಹಾಯುದ್ಧದ ತರುವಾಯ ವಸಾಹತುಶಾಹಿಯಿಂದ ಬಿಡುಗಡೆ ಪಡೆದ ದೇಶಗಳಲ್ಲಿ ಕೆಲವು ಏಳಿಗೆ ಹೊಂದಿದವು, ಹಲವು ಬಡತನದಲ್ಲಿಯೇ ಉಳಿದವು. ಈ ಅಂತರಕ್ಕೆ ಕಾರಣವೇನೆಂಬ ಪ್ರಶ್ನೆ ಬಹುಕಾಲ ಅರ್ಥಶಾಸ್ತ್ರಜ್ಞರ ಸ್ವತ್ತಾಗಿತ್ತು. ಬಂಡವಾಳ, ಉಳಿತಾಯ, ಹವಾಮಾನ, ಬಂದರು, ಖನಿಜಗಳ ಲೆಕ್ಕದಲ್ಲಿ ಅವರು ಉತ್ತರ ಹುಡುಕುತ್ತಿದ್ದರು. ಈಚಿನ ದಶಕಗಳಲ್ಲಿ ಈ ಚರ್ಚೆ ಜಾನಪದದ ಎಲ್ಲೆಯೊಳಗೂ ಬಂದಿದೆ. ಒಂದು ಜನಸಮುದಾಯದ ನಂಬಿಕೆ, ನಡವಳಿಕೆ, ಗಾದೆ, ಕುಲಸಭೆ, ನ್ಯಾಯಪದ್ಧತಿಗಳನ್ನು ಆರ್ಥಿಕ ಬೆಳವಣಿಗೆಯ ಕಾರಣಗಳೆಂದು ಎಣಿಸುವ ಬರಹಗಳು ಹೆಚ್ಚಿವೆ. ಜಾನಪದದ ಅಭ್ಯಾಸಿಗಳಾದ ನಮಗೆ ಇದು ಹೆಮ್ಮೆಯ ಸಂಗತಿಯಾಗಿ ತೋರುವುದು ಸಹಜ. ಆ ಹೆಮ್ಮೆಯನ್ನು ಸ್ವಲ್ಪ ಅನುಮಾನದಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ದಕ್ಷಿಣ ಆಫ್ರಿಕಾದ ನೆರೆಯ ಬೋಟ್ಸ್ವಾನಾ ದೇಶವನ್ನೂ ಅದರ ಯಶಸ್ಸಿನ ಬೇರೆಂದು ಹೇಳಲಾಗುವ ‘ಖೋಟ್ಲಾ’ ಎಂಬ ಕುಲಸಭೆಯನ್ನೂ ಆಯ್ದುಕೊಂಡಿದ್ದೇನೆ.

ಸಂಸ್ಕೃತಿಯೇ ಕಾರಣವೆಂಬ ವಾದದ ಸರಳ ರೂಪ 2000ರಲ್ಲಿ ಲಾರೆನ್ಸ್ ಹ್ಯಾರಿಸನ್ ಮತ್ತು ಸ್ಯಾಮ್ಯುಯೆಲ್ ಹಂಟಿಂಗ್‌ಟನ್ ಸಂಪಾದಿಸಿದ ‘ಕಲ್ಚರ್ ಮ್ಯಾಟರ್ಸ್’ ಗ್ರಂಥದಲ್ಲಿದೆ. 1960ರ ದಶಕದ ಆರಂಭದಲ್ಲಿ ಘಾನಾ ಮತ್ತು ದಕ್ಷಿಣ ಕೊರಿಯಾಗಳ ಆರ್ಥಿಕ ಸ್ಥಿತಿ ಹತ್ತಿರಹತ್ತಿರವಿತ್ತು. ಮೂರು ದಶಕಗಳಲ್ಲಿ ಕೊರಿಯಾ ಕೈಗಾರಿಕಾ ರಾಷ್ಟ್ರವಾಯಿತು, ಘಾನಾ ಹಿಂದುಳಿಯಿತು. ಕೊರಿಯನ್ನರು ಮಿತವ್ಯಯ, ದುಡಿಮೆ, ಶಿಕ್ಷಣ, ಶಿಸ್ತುಗಳಿಗೆ ಬೆಲೆ ಕೊಟ್ಟರು, ಘಾನಾದವರ ಮೌಲ್ಯಗಳು ಬೇರೆಯಾಗಿದ್ದವು ಎಂಬುದು ಹಂಟಿಂಗ್‌ಟನ್ನರ ನಿರ್ಣಯ. ಇದನ್ನು ಹೆಚ್ಚು ಹೊತ್ತು ಚರ್ಚಿಸಬೇಕಾಗಿಲ್ಲ. ಮ್ಯಾಕ್ಸ್ ವೆಬರ್ ಕಾಲದಲ್ಲಿ ಇದೇ ಕನ್‌ಫ್ಯೂಷಿಯನ್ ಪರಂಪರೆ ಬಂಡವಾಳಶಾಹಿಯ ಬೆಳವಣಿಗೆಗೆ ಅಡ್ಡಿಯೆನಿಸಿತ್ತು. ಪೂರ್ವ ಏಷ್ಯಾ ಶ್ರೀಮಂತವಾದ ಮೇಲೆ ಅದೇ ಬೆಳವಣಿಗೆಯ ಬೀಜವೆನಿಸಿತು. ಫಲ ಕಂಡ ಮೇಲೆ ಬೀಜವನ್ನು ಹೆಸರಿಸುವ ವಿಧಾನವಿದು.

ಇದಕ್ಕಿಂತ ಎಚ್ಚರದ ವಾದ ಡೇರನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಅವರದು. 2003ರಲ್ಲಿ ಈ ಮೂವರು ಬೋಟ್ಸ್ವಾನಾವನ್ನು ಆಫ್ರಿಕಾದ ಯಶೋಗಾಥೆಯೆಂದು ಕರೆದು ಪ್ರಬಂಧ ಬರೆದರು. ಅಸೆಮೊಗ್ಲು ಮತ್ತು ರಾಬಿನ್ಸನ್ 2012ರಲ್ಲಿ ಪ್ರಕಟಿಸಿದ ‘ವೈ ನೇಷನ್ಸ್ ಫೇಲ್’ ಆ ವಾದವನ್ನು ಲೋಕಪ್ರಸಿದ್ಧಗೊಳಿಸಿತು. 2024ರಲ್ಲಿ ಮೂವರಿಗೂ ನೊಬೆಲ್ ಸಮಿತಿಯ ಅರ್ಥಶಾಸ್ತ್ರ ಪ್ರಶಸ್ತಿ ಬಂದಿತು. ಅವರ ದೃಷ್ಟಿಯಲ್ಲಿ ರಾಷ್ಟ್ರಗಳ ಹಣೆಬರಹವನ್ನು ತೀರ್ಮಾನಿಸುವುದು ಮೌಲ್ಯಗಳಲ್ಲ, ಸಂಸ್ಥೆಗಳು. 1966ರ ಸೆಪ್ಟೆಂಬರ್ 30ರಂದು ಸ್ವತಂತ್ರವಾದಾಗ ಬೋಟ್ಸ್ವಾನಾದಲ್ಲಿ ಇದ್ದ ಡಾಂಬರು ರಸ್ತೆ 12 ಕಿಲೋಮೀಟರ್, ವಿಶ್ವವಿದ್ಯಾಲಯದ ಪದವೀಧರರು 22 ಮಂದಿ ಎಂಬುದು ಅವರೇ ಕೊಡುವ ಲೆಕ್ಕ. ಅಂಥ ದೇಶ ಮುಂದಿನ ಮೂರು ದಶಕಗಳಲ್ಲಿ ಲೋಕದ ಅತಿ ವೇಗದ ತಲಾ ಆದಾಯದ ಬೆಳವಣಿಗೆಯನ್ನು ಸಾಧಿಸಿತು. 1994ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದ ಮೊದಲ ದೇಶವೂ ಅದೇ. ಇದಕ್ಕೆ ಅವರು ನೀಡುವ ಕಾರಣಗಳ ಸರಪಣಿಯ ಮೊದಲ ಕೊಂಡಿ ಖೋಟ್ಲಾ: ವಸಾಹತುಪೂರ್ವ ಟ್ಸ್ವಾನಾ ಅರಸರ ಅಧಿಕಾರಕ್ಕೆ ಕಡಿವಾಣ ಹಾಕಿದ್ದ ಜನಸಭೆ.

ಖೋಟ್ಲಾ ಎಂದರೆ ಸಭೆಯೂ ಹೌದು, ಸ್ಥಳವೂ ಹೌದು. ಅರಸನ ಮನೆಯ ಮುಂದೆ, ದನದ ದೊಡ್ಡಿಯ ಪಕ್ಕದಲ್ಲಿ, ಮರದ ಗೂಟಗಳನ್ನು ಅರ್ಧಚಂದ್ರಾಕಾರವಾಗಿ ನೆಟ್ಟು ಗಾಳಿಗೆ ಮರೆಮಾಡಿದ ಬಯಲು ಅದು. ವ್ಯಾಜ್ಯ ತೀರಿಸುವುದು, ಬಿತ್ತನೆಯ ದಿನ ಗೊತ್ತುಮಾಡುವುದು, ಯುದ್ಧ ಸಾರುವುದು ಎಲ್ಲವೂ ಅಲ್ಲಿಯೇ. ಯಾವ ಗಂಡಸಾದರೂ ಎದ್ದು ಅರಸನನ್ನು ಟೀಕಿಸಬಹುದು. ಅರಸ ಎಲ್ಲರ ಮಾತು ಕೇಳಿ ಕೊನೆಯಲ್ಲಿ ಮಾತಾಡುತ್ತಾನೆ. ನಮ್ಮ ಕಟ್ಟೆಮನೆಗಳನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವೆನಿಸದು. ಕಟ್ಟೆಮನೆಯನ್ನು ಕಂಡವರು ಕೇಳುವ ಮೊದಲ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು: ಕಟ್ಟೆಯ ಮೇಲೆ ಕುಳಿತವರು ಯಾರು, ಕೆಳಗೆ ನಿಂತವರು ಯಾರು, ಆ ಅಂಗಳಕ್ಕೆ ಕಾಲಿಡಲಾಗದವರು ಯಾರು? ಹಳೆಯ ಖೋಟ್ಲಾದಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ. ಟ್ಸ್ವಾನಾ ದನಗಾಹಿ ಶ್ರೀಮಂತರಿಗೆ ವಂಶಪಾರಂಪರ್ಯ ಜೀತಕ್ಕಿದ್ದ ಬಸಾರ್ವಾ ಜನ, ಅಂದರೆ ಕಲಹಾರಿಯ ಬೇಟೆಗಾರ ಮೂಲನಿವಾಸಿಗಳು, ಅಲ್ಲಿ ಮಾತಾಡುವ ಹಕ್ಕನ್ನು ಹೊಂದಿರಲಿಲ್ಲ.

ಈ ವಿವರಣೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸೆಟ್ಸ್ವಾನಾ ಗಾದೆಯೊಂದಿದೆ: ಜನರಿಂದಲೇ ಅರಸ ಅರಸನಾಗುತ್ತಾನೆ ಎಂದು ಅದರ ತಾತ್ಪರ್ಯ. ಖೋಟ್ಲಾದಲ್ಲಿ ಆಡಿದ ಮಾತೆಲ್ಲ ಚೆಂದವೇ ಎಂಬ ಇನ್ನೊಂದು ಗಾದೆಯೂ ಉಂಟು. ಆದರೆ ಅದೇ ಜನರ ಬಾಯಲ್ಲಿ, ಅರಸನ ಮಾತೇ ಕಟ್ಟಳೆ ಎಂಬ ಗಾದೆಯೂ ಇದೆ. ಹೆಣ್ಣು ಮುಂದಾಳಾದ ಹಿಂಡು ಕೊರಕಲಿಗೆ ಬೀಳುತ್ತದೆ ಎಂಬುದೂ ಇದೆ. ಮೊದಲೆರಡನ್ನು ಆರಿಸಿದವರಿಗೆ ಪ್ರಜಾಪ್ರಭುತ್ವದ ಮೂಲ ಸಿಕ್ಕುತ್ತದೆ; ಕೊನೆಯೆರಡನ್ನು ಆರಿಸಿದವರಿಗೆ ನಿರಂಕುಶತೆಯ ಮೂಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದ ನಾಲಿಗೆಯೇ ‘ಹಣೆಬರಹಕ್ಕೆ ಹೊಣೆ ಯಾರು’ ಎಂದೂ ಹೇಳುತ್ತದೆಯಷ್ಟೆ. ಯಾವುದನ್ನು ನಂಬಿ ಕನ್ನಡಿಗರ ಆರ್ಥಿಕ ಸ್ವಭಾವವನ್ನು ಅಳೆಯಬೇಕು? ಗಾದೆ ಎಂಬುದು ಸಂದರ್ಭಕ್ಕೆ ಒದಗುವ ಮಾತು. ಆಡಿದವರು, ಕೇಳಿದವರು, ಆಡಿದ ಗಳಿಗೆ ಇವು ಮೂರನ್ನೂ ಕಳಚಿ ಅದನ್ನು ಜನಮನದ ದಾಖಲೆಯೆಂದು ಓದುವುದು ನಮ್ಮ ಶಾಸ್ತ್ರ ಬಹಳ ಹಿಂದೆಯೇ ಬಿಟ್ಟ ಪದ್ಧತಿ. ಅರ್ಥಶಾಸ್ತ್ರ ಅದನ್ನು ಈಗ ಎತ್ತಿಕೊಂಡಿದೆ. 2002ರಲ್ಲಿ ಬಲೆಟೆ ಬುಡಕಟ್ಟು ಮೊಸಾದಿ ಸೆಬೊಕೊ ಎಂಬ ಮಹಿಳೆಯನ್ನು ತನ್ನ ಮುಖ್ಯಸ್ಥೆಯಾಗಿ ಆರಿಸಿಕೊಂಡಿತು. ಹಿಂಡು ಕೊರಕಲಿಗೆ ಬೀಳಲಿಲ್ಲ.

ಖೋಟ್ಲಾದ ಬಗೆಗಿನ ತಿಳಿವಳಿಕೆ ಗ್ರಂಥಸ್ಥವಾದ ಬಗೆಯನ್ನೂ ಇಲ್ಲಿ ಗಮನಿಸಬೇಕು. ಅರ್ಥಶಾಸ್ತ್ರಜ್ಞರ ಮುಖ್ಯ ಆಕರ ಮಾನವಶಾಸ್ತ್ರಜ್ಞ ಐಸಾಕ್ ಶಪೇರಾ ಅವರ ಕೃತಿಗಳು. ಟ್ಸ್ವಾನಾ ಕಟ್ಟಳೆಗಳನ್ನು ಕುರಿತ ಅವರ 1938ರ ಕೈಪಿಡಿ ಸಿದ್ಧವಾದದ್ದು ಬೆಚುವಾನಾಲ್ಯಾಂಡ್ ರಕ್ಷಿತ ಪ್ರದೇಶದ ಬ್ರಿಟಿಷ್ ಆಡಳಿತಕ್ಕಾಗಿ. ಶಪೇರಾರ ವಿದ್ವತ್ತನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅಧಿಕಾರಿಯ ಮೇಜಿನ ಮೇಲೆ ಇರಬೇಕಾದ ಪುಸ್ತಕದಲ್ಲಿ ಕಟ್ಟಳೆ ಹೆಚ್ಚು ಗಟ್ಟಿಯಾಗಿ, ಹೆಚ್ಚು ಒಮ್ಮತದಿಂದ ಕೂಡಿದ್ದಾಗಿ ಕಾಣುವುದು ಅನಿವಾರ್ಯ. ನಿಜದ ಸಭೆ ಹಾಗಿರುವುದಿಲ್ಲ. ಬಮಾಂಗ್ವಾಟೊ ಅರಸುಮನೆತನದ ಸೆರೆಟ್ಸೆ ಖಾಮಾ 1948ರಲ್ಲಿ ಲಂಡನ್ನಿನಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹೆಣ್ಣನ್ನು ಮದುವೆಯಾದಾಗ ಸೆರೋವೆಯ ಖೋಟ್ಲಾ ಮೂರು ಬಾರಿ ಕೂಡಿತು. ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅದು ಮದುವೆಯನ್ನು ಖಂಡಿಸಿತು. 1949ರ ಜೂನ್‌ನಲ್ಲಿ ಭಾರಿ ಬಹುಮತದಿಂದ ಒಪ್ಪಿತು. ಏಳು ತಿಂಗಳಲ್ಲಿ ಸಂಪ್ರದಾಯ ತನ್ನ ಮಾತನ್ನು ತಾನೇ ತಿರುಗಿಸಿತು. ಆ ತೀರ್ಮಾನ ಉಳಿಯಲಿಲ್ಲ ಎಂಬುದು ಇನ್ನೂ ಮುಖ್ಯ. ದಕ್ಷಿಣ ಆಫ್ರಿಕಾದ ಅಸಮಾಧಾನಕ್ಕೆ ಅಂಜಿದ ಬ್ರಿಟಿಷ್ ಸರ್ಕಾರ 1950ರಲ್ಲಿ ಸೆರೆಟ್ಸೆಯನ್ನು ಗಡಿಪಾರು ಮಾಡಿತು. ಅವರು ಮರಳಿದ್ದು 1956ರಲ್ಲಿ, ಅರಸುಪಟ್ಟವನ್ನು ತ್ಯಜಿಸಿ. ಹತ್ತು ವರ್ಷಗಳ ತರುವಾಯ ಅವರೇ ದೇಶದ ಮೊದಲ ಅಧ್ಯಕ್ಷರಾದರು.

ಖೋಟ್ಲಾವೇ ಕಾರಣವಾಗಿದ್ದರೆ ಅದು ಇರುವ ಕಡೆಯಲ್ಲೆಲ್ಲ ಫಲ ಕಾಣಬೇಕಿತ್ತು. ಸೆಟ್ಸ್ವಾನಾ ಮಾತಾಡುವವರಲ್ಲಿ ಹೆಚ್ಚಿನವರು ವಾಸವಾಗಿರುವುದು ಬೋಟ್ಸ್ವಾನಾದಲ್ಲಿ ಅಲ್ಲ, ಗಡಿಯ ಆಚೆ ದಕ್ಷಿಣ ಆಫ್ರಿಕಾದಲ್ಲಿ. ಭಾಷೆ ಒಂದೇ, ಗಾದೆಗಳು ಅವೇ, ಖೋಟ್ಲಾವೂ ಅದೇ. 1885ರಲ್ಲಿ ಬ್ರಿಟಿಷರು ಮೊಲೊಪೊ ನದಿಯನ್ನು ಗೆರೆಯಾಗಿಸಿ ಉತ್ತರವನ್ನು ರಕ್ಷಿತ ಪ್ರದೇಶವೆಂದೂ ದಕ್ಷಿಣವನ್ನು ವಸಾಹತೆಂದೂ ವಿಂಗಡಿಸಿದರು. 1895ರಲ್ಲಿ ದಕ್ಷಿಣ ಭಾಗ ಕೇಪ್ ವಸಾಹತಿಗೆ ಸೇರಿತು. ಅದೇ ವರ್ಷ ಉತ್ತರದ ಮೂವರು ಅರಸರು, ಮೂರನೆಯ ಖಾಮಾ, ಸೆಬೆಲೆ, ಬಾತೋಯೆನ್, ಲಂಡನ್ನಿಗೆ ಹೋಗಿ ತಮ್ಮ ನಾಡನ್ನು ಸೆಸಿಲ್ ರೋಡ್ಸ್‌ನ ಕಂಪನಿಗೆ ಒಪ್ಪಿಸಬಾರದೆಂದು ಮನವಿ ಮಾಡಿಕೊಂಡರು. ವರ್ಷಾಂತ್ಯದಲ್ಲಿ ರೋಡ್ಸ್‌ನ ಬೆಂಬಲದಿಂದ ನಡೆದ ಜೇಮ್ಸನ್ ದಾಳಿ ವಿಫಲವಾಗಿ ಅವನ ಬಲ ಕುಂದಿತು, ಉತ್ತರ ಉಳಿದುಕೊಂಡಿತು. ಬ್ರಿಟಿಷರಿಗೆ ಆ ಒಣನೆಲದ ಮೇಲೆ ಎಷ್ಟು ಅನಾದರವಿತ್ತೆಂದರೆ ಅದರ ಆಡಳಿತ ಕಚೇರಿಯನ್ನು ಬಹುಕಾಲ ಅದರ ಗಡಿಯ ಹೊರಗಿನ ಮಾಫೆಕಿಂಗ್ ಪಟ್ಟಣದಲ್ಲಿಯೇ ಇರಿಸಿಕೊಂಡಿದ್ದರು.

ದಕ್ಷಿಣದವರಿಗೆ ದಕ್ಕಿದ್ದು 1913ರ ಭೂ ಕಾಯಿದೆ. ಕರಿಯರು ತಮ್ಮ ನೆಲದಲ್ಲಿಯೇ ನೆಲ ಕೊಳ್ಳಲಾಗದಂತೆ ಮಾಡಿದ ಆ ಕಾಯಿದೆಯ ವಿರುದ್ಧ ಸೊಲೊಮನ್ ಪ್ಲಾಟ್ಯೆ ಬರೆದ ‘ನೇಟಿವ್ ಲೈಫ್ ಇನ್ ಸೌತ್ ಆಫ್ರಿಕಾ’ 1916ರಲ್ಲಿ ಹೊರಬಂದಿತು. ಅದೇ ವರ್ಷ ಅದೇ ಲೇಖಕ 732 ಸೆಟ್ಸ್ವಾನಾ ಗಾದೆಗಳ ಸಂಗ್ರಹವನ್ನೂ ಪ್ರಕಟಿಸಿದರು. ಜಾನಪದದ ವಿದ್ಯಾರ್ಥಿ ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಗಾದೆಗಳ ಸಿರಿ ಅಷ್ಟೊಂದಿದ್ದ ಜನ ಅದೇ ಹೊತ್ತಿನಲ್ಲಿ ಸತ್ತ ಮಗುವನ್ನು ಹೂಳಲೂ ಸ್ವಂತ ನೆಲವಿಲ್ಲದೆ ದಾರಿಯ ಮೇಲಿದ್ದರು. ಮುಂದೆ 1977ರಲ್ಲಿ ವರ್ಣಭೇದ ಸರ್ಕಾರ ಹರಿದು ಹಂಚಿದ ತುಂಡುಗಳನ್ನು ಕೂಡಿಸಿ ಬೊಫುಥಟ್ಸ್ವಾನಾ ಎಂಬ ಹುಸಿ ಸ್ವತಂತ್ರ ದೇಶವನ್ನು ಅವರಿಗೆ ಕಟ್ಟಿಕೊಟ್ಟಿತು. ಆ ನೆಲದಡಿಯೂ ಸಂಪತ್ತಿತ್ತು, ಪ್ಲಾಟಿನಂ ರೂಪದಲ್ಲಿ.

ಲೆಸೋಥೊ ಇನ್ನೊಂದು ನಿದರ್ಶನ. ಬೋಟ್ಸ್ವಾನಾಕ್ಕಿಂತ ನಾಲ್ಕು ದಿನ ತಡವಾಗಿ ಸ್ವತಂತ್ರವಾದ ಆ ದೇಶದ ಜನರದು ಸೋದರ ಭಾಷೆ. ಅವರ ‘ಪಿಟ್ಸೊ’ ಎಂಬ ಜನಸಭೆ ಖೋಟ್ಲಾದ ಸಹೋದರಿ. 1970ರ ಚುನಾವಣೆಯಲ್ಲಿ ಸೋಲು ಕಂಡ ಪ್ರಧಾನಿ ಲೆಬುವಾ ಜೊನಾಥನ್ ಸಂವಿಧಾನವನ್ನೇ ಅಮಾನತ್ತಿನಲ್ಲಿಟ್ಟರು. 1986ರಲ್ಲಿ ಸೈನ್ಯ ಅವರನ್ನು ಇಳಿಸಿತು. 2003ರ ಪ್ರಬಂಧದ ಲೇಖಕರು ಲೆಸೋಥೊವನ್ನು ಮರೆತಿಲ್ಲ; ಅಲ್ಲಿನ ಸಂಸ್ಥೆಗಳ ಇತಿಹಾಸ ಬೇರೆಯೆಂದು ಸಮಾಧಾನ ಹೇಳುತ್ತಾರೆ. ಹಾಗೆ ಹೇಳಿದೊಡನೆ ಜನಸಭೆಯೆಂಬ ಕಾರಣ ಹಿಂದೆ ಸರಿದು ಇತಿಹಾಸ ಮುಂದೆ ಬರುತ್ತದೆ.

ಹಾಗಾದರೆ ಬೋಟ್ಸ್ವಾನಾದಲ್ಲಿ ನಡೆದದ್ದೇನು? ಖೋಟ್ಲಾವನ್ನು ಉಳಿಸಿಕೊಂಡದ್ದರಷ್ಟೇ ಮುಖ್ಯವಾದದ್ದು ಅದರಿಂದ ಕಿತ್ತುಕೊಂಡದ್ದು. 1967ರಲ್ಲಿ ಒರಾಪಾದಲ್ಲಿ ವಜ್ರ ಪತ್ತೆಯಾಯಿತು. ಅದು ಸೆರೆಟ್ಸೆಯವರ ಸ್ವಂತ ಕುಲದ ಸೀಮೆ. ಅದೇ ವರ್ಷದ ಕಾಯಿದೆ ನೆಲದಡಿಯ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ರಾಷ್ಟ್ರಕ್ಕೆ ವರ್ಗಾಯಿಸಿತು. 1968ರ ಬುಡಕಟ್ಟು ಭೂ ಕಾಯಿದೆಯ ಮೇರೆಗೆ 1970ರಿಂದ ನೆಲ ಹಂಚುವ ಅಧಿಕಾರ ಅರಸರ ಕೈಯಿಂದ ಭೂ ಮಂಡಳಿಗಳಿಗೆ ಹೋಯಿತು. ಡಿ ಬೀರ್ಸ್ ಕಂಪನಿಯೊಡನೆ ಮತ್ತೆ ಚೌಕಾಸಿ ನಡೆಸಿ 1975ರಲ್ಲಿ ಸರ್ಕಾರ ತನ್ನ ಪಾಲನ್ನು 15ರಿಂದ 50 ಪ್ರತಿಶತಕ್ಕೆ ಏರಿಸಿಕೊಂಡಿತು. ವಜ್ರದ ಸ್ವರೂಪವೂ ನೆರವಾಯಿತು. ಬೋಟ್ಸ್ವಾನಾದ ವಜ್ರ ನೆಲದಾಳದ ಕಿಂಬರ್ಲೈಟ್ ಕೊಳವೆಗಳಲ್ಲಿದೆ. ದೊಡ್ಡ ಬಂಡವಾಳವಿಲ್ಲದೆ ತೆಗೆಯಲಾಗದು, ಬೇಲಿ ಹಾಕಿ ಕಾಯಬಹುದು. ಸಿಯೆರಾ ಲಿಯೋನಿನ ಕೊನೊ ಸೀಮೆಯಲ್ಲಿ ವಜ್ರ ಹೊಳೆಯ ಮರಳಿನಲ್ಲಿ ಹರಡಿತ್ತು; ಗುದ್ದಲಿ, ಜರಡಿ ಇದ್ದವನಿಗೆ ದಕ್ಕುತ್ತಿತ್ತು, ಬಂದೂಕು ಇದ್ದವನಿಗೆ ಇನ್ನೂ ಬೇಗ. ಆ ದೇಶ 1991ರಿಂದ 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದಿತು. ನೆಲದ ರಚನೆಗೆ ಇಷ್ಟು ಪಾತ್ರವಿದೆಯೆಂದು ಒಪ್ಪಲು ಸಂಸ್ಥಾವಾದಿಗಳು ಹಿಂಜರಿಯುತ್ತಾರೆ. ನನಗೆ ಅವರ ಹಿಂಜರಿಕೆ ಸರಿಯೆನಿಸಿಲ್ಲ.

ಇಷ್ಟು ಹೇಳಿದ ಮೇಲೆ ಖೋಟ್ಲಾ ಬರಿಯ ಅಲಂಕಾರವೆಂದು ತಳ್ಳಿಹಾಕುವುದೂ ತಪ್ಪಾಗುತ್ತದೆ. 1991ರ ಜನವರಿಯಲ್ಲಿ ಮೌನ್ ಪಟ್ಟಣದ ಖೋಟ್ಲಾದಲ್ಲಿ ಓಕವಾಂಗೊ ಮುಖಜಭೂಮಿಯ ಬೊರೊ ಹೊಳೆಯ ಹೂಳೆತ್ತುವ ಯೋಜನೆ ಚರ್ಚೆಗೆ ಬಂದಿತು. ಒರಾಪಾದ ವಜ್ರದ ಗಣಿಗೆ ನೀರು ಒದಗಿಸುವುದೂ ಆ ಯೋಜನೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಗಂಟೆಗಟ್ಟಲೆ ನಡೆದ ಸಭೆಯಲ್ಲಿ ಜನ ಒಬ್ಬರಾದ ಮೇಲೊಬ್ಬರು ಎದ್ದು ವಿರೋಧಿಸಿದರು. ಸರ್ಕಾರ ಯೋಜನೆಯನ್ನು ತಡೆಹಿಡಿಯಿತು, ಮರುವರ್ಷ ಕೈಬಿಟ್ಟಿತು. ದೇಶದ ಬೊಕ್ಕಸವನ್ನು ತುಂಬುವ ಗಣಿಯ ಹಿತಕ್ಕೆ ಎದುರಾಗಿ ಒಂದು ಊರಿನ ಮಾತು ಗೆದ್ದ ಇಂಥ ಸಂದರ್ಭಗಳು ನಮ್ಮಲ್ಲಿಯೂ ಹೆಚ್ಚಿಲ್ಲ.

ಅದೇ ದೇಶದಲ್ಲಿ 1975ರ ಬುಡಕಟ್ಟು ಹುಲ್ಲುಗಾವಲು ನೀತಿಯ ಬಗೆಗೂ ಸಮಾಲೋಚನೆ ನಡೆದಿತ್ತು. ಊರೂರಿನ ಸಭೆಗಳಲ್ಲದೆ ರೇಡಿಯೊ ಆಲಿಸುವ ಗುಂಪುಗಳನ್ನೂ ರಚಿಸಿ ಜನಾಭಿಪ್ರಾಯ ಕೇಳಲಾಗಿತ್ತು. ಖಾಲಿ ಬಿದ್ದಿದೆಯೆಂದು ಭಾವಿಸಲಾದ ವಿಶಾಲ ನೆಲಕ್ಕೆ ಬೇಲಿ ಹಾಕಿ ದೊಡ್ಡ ದನವಂತರಿಗೆ ಗುತ್ತಿಗೆ ಕೊಡುವುದು ಆ ನೀತಿಯ ತಿರುಳು. ನೆಲ ಖಾಲಿಯಿರಲಿಲ್ಲ, ಅಲ್ಲಿ ಬಸಾರ್ವಾ ಜನರಿದ್ದರು. 1997 ಮತ್ತು 2002ರಲ್ಲಿ ಮಧ್ಯ ಕಲಹಾರಿ ವನ್ಯಧಾಮದಿಂದ ಅವರನ್ನು ಎಬ್ಬಿಸಲಾಯಿತು. 2006ರ ಡಿಸೆಂಬರ್‌ನಲ್ಲಿ ಲೊಬಾಟ್ಸೆಯ ಉಚ್ಚ ನ್ಯಾಯಾಲಯ ಅವರ ನೆಲವನ್ನು ಕಸಿದದ್ದು ಕಾನೂನುಬಾಹಿರವೆಂದು ಎರಡಕ್ಕೆ ಒಂದರ ಬಹುಮತದಿಂದ ತೀರ್ಪಿತ್ತಿತು. ಅಲ್ಲಿಯೇ ಕೊಳವೆಬಾವಿಯ ನೀರನ್ನು ಬಳಸುವ ಹಕ್ಕಿಗಾಗಿ ಅವರು ಮತ್ತೆ ಹೋರಾಡಬೇಕಾಯಿತು. ಅದು ದೊರೆತದ್ದು 2011ರಲ್ಲಿ, ಮೇಲ್ಮನವಿ ನ್ಯಾಯಾಲಯದಿಂದ. ಅವರಿಗೆ ನ್ಯಾಯ ಸಿಕ್ಕಿದ್ದು ವಸಾಹತುಶಾಹಿ ಬಿಟ್ಟುಹೋದ ನ್ಯಾಯಾಲಯದಲ್ಲಿ, ಕುಲಸಭೆಯಲ್ಲಿ ಅಲ್ಲ. 2015ರ ಲೆಕ್ಕದಂತೆ ಬೋಟ್ಸ್ವಾನಾದ ಗಿನಿ ಸೂಚ್ಯಂಕ 53ರ ಆಸುಪಾಸಿನಲ್ಲಿತ್ತು. ಲೋಕದ ಅತ್ಯಂತ ಅಸಮಾನ ದೇಶಗಳಲ್ಲಿ ಅದೂ ಒಂದು. ಯಶೋಗಾಥೆಯ ಲೇಖಕರು ಈ ಅಸಮಾನತೆಯನ್ನು ಮರೆಮಾಚುವುದಿಲ್ಲ. ಖೋಟ್ಲಾದೊಂದಿಗೆ ಅದಕ್ಕಿರುವ ನಂಟನ್ನು ಮಾತ್ರ ಹುಡುಕುವುದಿಲ್ಲ.

ಪ್ರಯೋಗಾಲಯದಲ್ಲಿ ತಯಾರಾಗುವ ವಜ್ರಗಳ ಪೈಪೋಟಿಯೂ ಸೇರಿ ನೈಸರ್ಗಿಕ ವಜ್ರದ ಮಾರುಕಟ್ಟೆ ಈಚಿನ ವರ್ಷಗಳಲ್ಲಿ ಕುಸಿದಾಗ ಬೋಟ್ಸ್ವಾನಾದ ಬೊಕ್ಕಸವೂ ಬಡವಾಯಿತು. 2024ರ ಅಕ್ಟೋಬರ್ ಚುನಾವಣೆಯಲ್ಲಿ, ಸ್ವಾತಂತ್ರ್ಯದಿಂದ 58 ವರ್ಷ ಆಳಿದ್ದ ಪಕ್ಷ ಸೋತಿತು. ನವೆಂಬರ್ 1ರಂದು ಡುಮಾ ಬೊಕೊ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಅಧಿಕಾರ ಶಾಂತವಾಗಿ ಕೈಬದಲಾದದ್ದಕ್ಕೂ ಖೋಟ್ಲಾವೇ ಕಾರಣವೆಂಬ ಲೇಖನಗಳು ಬಾರದಿರುವುದಿಲ್ಲ. ಅವುಗಳನ್ನು ಓದುವಾಗ ನಮ್ಮ ಶಾಸ್ತ್ರದ ಹಳೆಯ ಕೆಲಸವೊಂದು ಬಾಕಿ ಉಳಿದಿರುವುದು ನೆನಪಿರಲಿ. ಖೋಟ್ಲಾವನ್ನು ಕುರಿತು ಅದರೊಳಗೆ ಕುಳಿತವರ ಗಾದೆಗಳು ಪ್ಲಾಟ್ಯೆಯವರ ಕಾಲದಿಂದ ಸಂಗ್ರಹಗೊಂಡಿವೆ. ಅದರ ಹೊರಗೆ ದನ ಕಾಯುತ್ತಿದ್ದ, ಗ್ವಿ ಮತ್ತು ಗಾನಾ ಭಾಷೆಗಳನ್ನಾಡುವ ಬಸಾರ್ವಾ ಜನ ಆ ಅಂಗಳವನ್ನು ಕುರಿತು ತಮ್ಮೊಳಗೆ ಏನು ಹೇಳಿಕೊಳ್ಳುತ್ತಿದ್ದರು ಎಂಬುದು, ಅಭಿವೃದ್ಧಿಯನ್ನು ಕುರಿತು ನಾನು ಓದಿದ ಯಾವ ಗ್ರಂಥದಲ್ಲಿಯೂ ದೊರೆಯಲಿಲ್ಲ.