ಗೋಯಿಂದವಾಲದ ಕೋಣೆಯೂ ಒಂದು ಷರತ್ತೂ

2022ರ ಸೆಪ್ಟೆಂಬರಿನಲ್ಲಿ ಪಂಜಾಬ್ ಸರ್ಕಾರವು ಗೋಯಿಂದವಾಲ್ ಸಾಹಿಬ್‌ನ ಕೇಂದ್ರ ಕಾರಾಗೃಹವೇ ಮೊದಲಾದ ಕೆಲವೆಡೆಗಳಲ್ಲಿ, ಕೈದಿಗಳು ತಮ್ಮ ಪತಿಯೊಡನೆಯೋ ಪತ್ನಿಯೊಡನೆಯೋ ಎರಡು ಗಂಟೆಗಳ ಕಾಲವನ್ನು ಏಕಾಂತದಲ್ಲಿ ಕಳೆಯಲು ಅನುವಾಗುವಂಥ ಕೋಣೆಗಳನ್ನು ತೆರೆದಾಗ, ದೇಶದ ಪತ್ರಿಕೆಗಳು ಅದನ್ನು ಕಾರಾಗೃಹ ಸುಧಾರಣೆಯ ಮಹತ್ತರ ಘಟ್ಟವೆಂದು ಕೊಂಡಾಡಿದುವು. ದಾಂಪತ್ಯಭೇಟಿಯ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದೊಳಗೇ ಅಡಗಿದೆಯೆಂದು ಪಂಜಾಬ್ ಹಾಗೂ ಹರಿಯಾಣ ಉಚ್ಚ ನ್ಯಾಯಾಲಯವು 2014ರಲ್ಲಿ ಹೇಳಿದುದನ್ನೂ, ಆ ತೀರ್ಪಿನ ಗುಣದೋಷಗಳನ್ನೂ ಬಲ್ಲ ಓದುಗರಿಗೆ ಅವನ್ನು ಮತ್ತೆ ವಿವರಿಸಬೇಕಾಗಿಲ್ಲ. ಕೋಣೆ ಬೇಕೆಂಬುದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಆದರೆ ಆ ಕೋಣೆಗೆ ಇಟ್ಟ ಬಾಗಿಲು ಎಂಥದೆಂದು ಹೊಗಳಿದವರಲ್ಲಿ ಬಹುಮಂದಿ ನೋಡಲಿಲ್ಲವೆಂಬುದೇ ನನ್ನ ಆಕ್ಷೇಪ.

ಭೇಟಿಗೆ ಬರುವ ಸಂಗಾತಿಯು ವಿವಾಹದ ದಾಖಲೆಯೊಡನೆ, ತನಗೆ ಎಚ್‌ಐವಿ, ಗುಹ್ಯರೋಗ, ಕ್ಷಯ, ಕೋವಿಡ್ ಮೊದಲಾದ ಸಾಂಕ್ರಾಮಿಕ ವ್ಯಾಧಿಗಳಾವುವೂ ಇಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರವನ್ನೂ ಒಪ್ಪಿಸತಕ್ಕದ್ದೆಂಬುದು ಅಲ್ಲಿಯ ನಿಬಂಧನೆಗಳಲ್ಲೊಂದು. ಮೇಲ್ನೋಟಕ್ಕೆ ಇದು ವಿವೇಕದ ಮಾತಾಗಿಯೇ ತೋರುತ್ತದೆ. ತುಸು ನಿಧಾನಿಸಿ ಓದಿದರೆ, ಕೆಮ್ಮಿನಿಂದ ಇಡೀ ಬ್ಯಾರಕ್ಕಿಗೆ ಹಬ್ಬಬಲ್ಲ ಕ್ಷಯವನ್ನೂ, ಇಬ್ಬರ ನಡುವಣ ಸಂಬಂಧದಲ್ಲಿಯೇ ಮುಗಿಯುವ ಗುಹ್ಯರೋಗವನ್ನೂ ಒಂದೇ ಉಸಿರಿನಲ್ಲಿ ಎಣಿಸಿರುವ ಈ ವಾಕ್ಯದ ಕರ್ತೃವು ದಂಪತಿಗಳನ್ನು ಕುರಿತು ಚಿಂತಿಸುತ್ತಿರಲಿಲ್ಲ, ತನ್ನ ಕಾರಾಗೃಹದ ಲೆಕ್ಕಪತ್ರ ಕೆಡದಿರುವುದನ್ನು ಕುರಿತು ಚಿಂತಿಸುತ್ತಿದ್ದನೆಂಬುದು ತಿಳಿದುಬರುತ್ತದೆ.

ಮೊದಲನೆಯದಾಗಿ, ಆ ಪತ್ರವು ತಾನು ಹೇಳುತ್ತೇನೆಂದು ಹೊರಟುದನ್ನು ಹೇಳಲಾರದು. ಎಚ್‌ಐವಿ ಸೋಂಕು ದೇಹವನ್ನು ಹೊಕ್ಕ ಮೇಲೆಯೂ ಕೆಲವು ವಾರಗಳವರೆಗೆ, ಪ್ರತಿಕಾಯಗಳನ್ನಷ್ಟೇ ಹುಡುಕುವ ಪರೀಕ್ಷೆಗಳಲ್ಲಿ ಮೂರು ತಿಂಗಳವರೆಗೂ, ಪರೀಕ್ಷೆಗೆ ಸಿಕ್ಕದೆ ಉಳಿಯಬಹುದು. ಸಿಫಿಲಿಸ್‌ಗೂ ಇಂಥದೇ ಒಂದು ಮರೆಯ ಕಾಲವುಂಟು. ಗೊನೊರಿಯಾ, ಕ್ಲಮೈಡಿಯಾಗಳು ಹೆಂಗಸರಲ್ಲಿ ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರದೆ ಇರುವುದರಿಂದ, ಪ್ರತ್ಯೇಕ ಪರೀಕ್ಷೆ ಮಾಡಿಸಿದ ಹೊರತು ವೈದ್ಯನ ಕಣ್ಣಿಗೂ ಬೀಳವು. ಹೀಗಿರಲಾಗಿ, 'ಇಲ್ಲ' ಎಂದು ಮೊಹರು ಹಾಕಿದ ಕಾಗದವನ್ನು ಕೈಯಲ್ಲಿ ಹಿಡಿದು ಒಳಹೊಕ್ಕ ದಂಪತಿಗಳು ಕಾಂಡೋಮ್ ಬೇಕೆಂಬ ಮಾತನ್ನೆತ್ತಲು ಮೊದಲಿಗಿಂತಲೂ ಹೆಚ್ಚು ಹಿಂಜರಿದರೆ ಆಶ್ಚರ್ಯವೇನು? ಸರ್ಕಾರದ ಮುದ್ರೆಯೇ ಭರವಸೆ ಕೊಟ್ಟ ಮೇಲೆ ಆ ಮಾತನ್ನೆತ್ತಿದವಳು ಗಂಡನನ್ನು ಶಂಕಿಸಿದವಳಾಗುತ್ತಾಳೆ.

ಎರಡನೆಯ ದೋಷವು ಇದಕ್ಕಿಂತಲೂ ಕ್ರೂರವಾದುದು. ತರನ್ ತಾರನ್ ಸೀಮೆಯ ಯಾವುದೋ ಹಳ್ಳಿಯಿಂದ ಬಸ್ಸು ಹಿಡಿದು ಬರುವವಳೊಬ್ಬಳನ್ನು ಕಲ್ಪಿಸಿಕೊಳ್ಳಿ: ಅತ್ತೆಗೂ ನಾದಿನಿಗೂ ಭೇಟಿಯ ದಿನ ತಿಳಿದಿದೆ, ಪ್ಲಾಸ್ಟಿಕ್ ಚೀಲದಲ್ಲಿ ಮದುವೆಯ ದಾಖಲೆ, ಆಧಾರ್ ಕಾರ್ಡು, ಆಸ್ಪತ್ರೆಯ ಚೀಟಿ, ಕಿಟಕಿಯಾಚೆಯ ಗುಮಾಸ್ತನು ಚೀಟಿಯನ್ನು ತಿರುವಿ, ಸಾಲಿನಲ್ಲಿ ನಿಂತ ಇತರರು ಕೇಳುವಂತೆ, "ಇದು ನಡೆಯುವುದಿಲ್ಲ" ಎನ್ನುತ್ತಾನೆ. ಆಕೆ ಬರಿಗೈಯಲ್ಲಿ ಮರಳಿದಳೆಂಬ ಸಂಗತಿಯೊಂದೇ ಸಾಕು, ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು ರೋಗಿಯ ಸ್ಥಿತಿಯನ್ನು ಗುಪ್ತವಾಗಿಡಬೇಕೆಂದೂ, ಒಪ್ಪಿಗೆಯಿಲ್ಲದೆ ಪರೀಕ್ಷೆ ಸಲ್ಲದೆಂದೂ ವಿಧಿಸಿ, ತನ್ನ 31ನೆಯ ಪ್ರಕರಣದಲ್ಲಿ ರಾಜ್ಯದ ವಶದಲ್ಲಿರುವ ಪ್ರತಿಯೊಬ್ಬನಿಗೂ ರೋಗನಿರೋಧ, ಆಪ್ತಸಮಾಲೋಚನೆ, ಪರೀಕ್ಷೆ, ಚಿಕಿತ್ಸೆಗಳ ಹಕ್ಕನ್ನು ಕೊಟ್ಟಿದೆ. ಗಂಡನನ್ನು ನೋಡಬೇಕಾದರೆ ಕೊಡಲೇಬೇಕಾದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲು ನನಗೆ ನಾಲಗೆ ಬಾರದು. ಆರಂಭದ ಸಿಫಿಲಿಸ್ ಒಂದೇ ಒಂದು ಪೆನಿಸಿಲಿನ್ ಚುಚ್ಚುಮದ್ದಿಗೆ ಗುಣವಾಗುವ ರೋಗವಷ್ಟೆ. ಎಚ್‌ಐವಿ ಇದ್ದವರಿಗೂ ಔಷಧಿಯಿಂದ ರಕ್ತದಲ್ಲಿ ವೈರಾಣು ಅಳತೆಗೆ ಸಿಗದಷ್ಟು ತಗ್ಗಿ ಹಾಗೆಯೇ ನಿಂತರೆ, ಸಂಗಾತಿಗೆ ಸೋಂಕು ಲೈಂಗಿಕವಾಗಿ ದಾಟುವುದಿಲ್ಲವೆಂದು ವೈದ್ಯಶಾಸ್ತ್ರ ಸ್ಥಾಪಿಸಿದೆ. ಮದ್ದಿರುವವರನ್ನು ಮದ್ದಿಲ್ಲದವರಂತೆ ಹೊರಗಟ್ಟುವ ನಿಯಮವನ್ನು ಆರೋಗ್ಯನಿಯಮವೆನ್ನುವುದು ಹೇಗೆ?

ಇಲ್ಲಿ ಇನ್ನೊಂದು ಜಗಳವನ್ನೂ ತೀರಿಸಿಬಿಡಬೇಕು. ಕೊಲೆಗಾರರಿಗೆ ಶಯನಗೃಹವೇಕೆಂದು ಗೊಣಗುವವರೊಡನೆ ವಾದಿಸಿ ಫಲವಿಲ್ಲ. ನನ್ನ ಜಗಳವಿರುವುದು, ಹಕ್ಕಿನ ಹೆಸರಿನಲ್ಲಿ ಯೋಜನೆಯನ್ನು ಎತ್ತಿಹಿಡಿದು, ಪ್ರಮಾಣಪತ್ರದ ಷರತ್ತನ್ನು 'ಸಹಜವಾದ ಮುನ್ನೆಚ್ಚರಿಕೆ' ಎಂದು ಒಂದೇ ಸಾಲಿನಲ್ಲಿ ದಾಟಿಹೋದ ಉದಾರಬುದ್ಧಿಯ ಲೇಖಕರೊಡನೆ. 1994ರಲ್ಲಿ ತಿಹಾರದ ಮುಖ್ಯಾಧಿಕಾರಿಣಿಯಾಗಿದ್ದ ಕಿರಣ್ ಬೇಡಿಯವರು ಕೈದಿಗಳಿಗೆ ಕಾಂಡೋಮ್ ಹಂಚಲು ಒಪ್ಪದಿದ್ದಾಗ ಇದೇ ವರ್ಗದ ಲೇಖಕರು ಅವರನ್ನು ಖಂಡಿಸಿದರು, ನ್ಯಾಯವಾಗಿಯೇ ಖಂಡಿಸಿದರು. ಆದರೆ ಅಂದಿನ ನಿರಾಕರಣೆ ಬಹಿರಂಗವಾದ ಮಾತಿನಲ್ಲಿ ಬಂದಿತು, ಇಂದಿನದು ಆಸ್ಪತ್ರೆಯ ಕಾಗದದಲ್ಲಿ ಬಂದಿತು. ಕಾಗದವನ್ನು ಕಂಡೊಡನೆ ನಮ್ಮ ಉದಾರವಾದಿಗಳ ವಿಮರ್ಶಾಶಕ್ತಿ ಮಲಗಿಬಿಡುತ್ತದೆ. ಕರ್ನಾಟಕದಲ್ಲಿಯೂ ಇಂಥ ಕೋಣೆ ಬೇಕೆಂದು ಕೇಳುವವರು ಆ ನಿಬಂಧನೆಯ ನಕಲನ್ನೂ ಜೊತೆಗೇ ತರುವರೋ ಎಂಬ ಭಯ ನನಗಿದೆ.

ಇದಕ್ಕಿಂತ ಮೇಲಾದ ದಾರಿ ಇಲ್ಲವೆನ್ನುವಂತಿಲ್ಲ. ಅಮೆರಿಕದ ನಾಲ್ಕು ಸಂಸ್ಥಾನಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ 'ಪ್ರಾಜೆಕ್ಟ್ ಸ್ಟಾರ್ಟ್' ಎಂಬ ಪ್ರಯೋಗಕ್ಕೆ ನಮ್ಮಲ್ಲಿ ಬರಬೇಕಾದಷ್ಟು ಕೀರ್ತಿ ಬರಲಿಲ್ಲ. ಬಿಡುಗಡೆಗೆ ಮುನ್ನ ಎರಡು ಬಾರಿ, ಬಿಡುಗಡೆಯಾದ ಮೇಲೆ ಒಂದು, ಮೂರು, ಆರು, ಹನ್ನೆರಡನೆಯ ವಾರಗಳಲ್ಲಿ ಒಟ್ಟು ನಾಲ್ಕು ಬಾರಿ, ಅದೇ ಪರಿಚಿತ ಸಮಾಲೋಚಕನು ತರುಣ ಕೈದಿಯೊಡನೆ ಕುಳಿತು ಮನೆ, ಕೆಲಸ, ಮದ್ಯ, ಸಂಗಾತಿ, ಕಾಂಡೋಮ್ ಎಲ್ಲವನ್ನೂ ಕುರಿತು ಮಾತನಾಡುವುದೇ ಅದರ ಕ್ರಮ. ಇಪ್ಪತ್ತನಾಲ್ಕು ವಾರಗಳ ಬಳಿಕ ರಕ್ಷಣೆಯಿಲ್ಲದ ಸಂಭೋಗವನ್ನು ಒಪ್ಪಿಕೊಂಡವರು ಒಂದೇ ಬಾರಿ ಉಪದೇಶ ಕೇಳಿದ ಗುಂಪಿನಲ್ಲಿ ಶೇಕಡಾ 78, ಈ ಗುಂಪಿನಲ್ಲಿ 68. ಹತ್ತು ಅಂಶಗಳ ಲಾಭ, ಅದಕ್ಕೆ ಮಿಗಿಲಿಲ್ಲ; ಅದನ್ನೇ ಪವಾಡವೆನ್ನುವವರ ಪಂಕ್ತಿಯಲ್ಲಿ ನಾನು ಕೂಡುವವನಲ್ಲ. ಅದರ ನಿಜವಾದ ಊನವೆಂದರೆ, ಮಾತೆಲ್ಲವೂ ಗಂಡಸಿನೊಡನೆಯೇ ನಡೆದು, ಅವನನ್ನು ಕಾದವಳು ಹೊರಗೇ ಉಳಿದಳು.

ಆ ಊನವನ್ನು ಅರಿತವರು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಕಾರಾಗೃಹದಲ್ಲಿ ದುಡಿದವರು. ಭೇಟಿಗಾಗಿ ಗಂಟೆಗಟ್ಟಲೆ ಸಾಲುನಿಂತ ಹೆಂಡತಿಯರ ಬಳಿಗೇ ಹೋಗಿ, ಅವರಲ್ಲಿಯೇ ಕೆಲವರನ್ನು ತರಬೇತುಗೊಳಿಸಿ, ಒಬ್ಬಳಿಂದ ಇನ್ನೊಬ್ಬಳಿಗೆ ತಿಳಿವಳಿಕೆ ದಾಟುವಂತೆ ಅವರು ಮಾಡಿದರು. ಸಮಾಜಶಾಸ್ತ್ರಜ್ಞೆ ಮೇಗನ್ ಕಂಫರ್ಟ್ ಆ ಸಾಲಿನ ಬದುಕನ್ನೇ ಕುರಿತು 2008ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿ ಇಷ್ಟು ಪ್ರಯಾಸದಿಂದ ಹುಡುಕಿ ಹೋಗಬೇಕಾಗಿದ್ದ ಹೆಂಗಸು ಗೋಯಿಂದವಾಲದಲ್ಲಿ ತಾನಾಗಿಯೇ, ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ದಿನ ಗೊತ್ತುಮಾಡಿಕೊಂಡು ಬರುತ್ತಾಳೆ. ಗಂಡನೂ ಅದೇ ಗೋಡೆಯೊಳಗಿದ್ದಾನೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಬಲ್ಲ ಒಬ್ಬ ಸಮಾಲೋಚಕಿ, ಫಲಿತಾಂಶವನ್ನು ಕಾರಾಗೃಹಕ್ಕೆ ತಿಳಿಸದೆ ಅವಳಿಗಷ್ಟೇ ತಿಳಿಸುವ ಆಸ್ಪತ್ರೆ, ಕೋಣೆಯ ಮೇಜಿನ ಮೇಲೆ ಯಾರೂ ಕೇಳದೆಯೇ ಇರುವ ಒಂದು ಪೆಟ್ಟಿಗೆ ಕಾಂಡೋಮ್: ಇಷ್ಟನ್ನು ಆ ಪ್ರಮಾಣಪತ್ರದ ಸ್ಥಳದಲ್ಲಿ ಇಟ್ಟರೆ ಖರ್ಚು ಹೆಚ್ಚಾದೀತೆಂದು ಯಾವ ಅಧಿಕಾರಿಯೂ ನನ್ನೊಡನೆ ವಾದಿಸಲಾರನೆಂದು ನಂಬಿದ್ದೇನೆ.